ಗಾಡಿಯ ದೀಪ ಎಲ್ಲಿ ನೋಡಬೇಕು?



ಮೋಟಾರ್ ಸೈಕಲ್ ಈಗ ಊರೂರಿಗೂ ಬಂದಿದೆ. ಹಿಂದಿನವರು ಅದನ್ನು ಫಟಫಟಿ ಅನ್ನುತ್ತಿದ್ದರು. ನಾವು ಗಾಡಿ ಅನ್ನುತ್ತೇವೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಕಾಯಿಪಲ್ಲೆ ಮಾರಲು ಹೋಗುತ್ತೇವೆ. ದವಾಖಾನೆಗೆ ಹೋಗುತ್ತೇವೆ. ಮದುವೆಯ ಬಟ್ಟೆ ತರಲು ಖಡೇಬಜಾರಕ್ಕೆ ಹೋಗುತ್ತೇವೆ. ಬಸ್ಸು ತಪ್ಪಿದರೆ ಗಾಡಿಯ ಹಿಂದಿನ ಸೀಟೇ ಗತಿ. ಈಗ ಎಷ್ಟೋ ಹೆಣ್ಣುಮಕ್ಕಳು ತಾವೇ ಗಾಡಿ ಹೊಡೆಯುತ್ತಾರೆ.

ಹೋಗುವಾಗ ಹಗಲು ಇರುತ್ತದೆ. ಬರುವಾಗ ಕತ್ತಲಾಗುತ್ತದೆ. ಪೇಟೆ ಮುಗಿಯುತ್ತದೆ. ಬೀದಿ ದೀಪ ಹಿಂದೆ ಉಳಿಯುತ್ತವೆ. ಆಮೇಲೆ ನಮಗೆ ದಾರಿ ತೋರಿಸುವುದು ಗಾಡಿಯ ಮುಂದಿನ ಒಂದೇ ಒಂದು ದೀಪ. ನಮ್ಮ ಜೀವ ಆ ದೀಪದ ಮೇಲೆ ನಿಂತಿರುತ್ತದೆ. ಎದುರಿಗೆ ಬರುವವರ ಜೀವವೂ ಅಷ್ಟೇ.

ಆ ದೀಪದ ಬಗ್ಗೆ ನಮಗೆ ಏನು ಗೊತ್ತು? "ಅದೆಲ್ಲ ಗಂಡಸರ ಕೆಲಸ, ಗ್ಯಾರೇಜಿನವರ ಕೆಲಸ" ಎಂದು ಬಿಟ್ಟುಬಿಟ್ಟಿದ್ದೇವೆ. ಆದರೆ ಇದು ದೊಡ್ಡ ವಿದ್ಯೆಯಲ್ಲ. ಕಂದೀಲು ಹಚ್ಚಿದವರಿಗೆ, ಒಲೆ ಊದಿದವರಿಗೆ ಬೇಗ ತಿಳಿಯುತ್ತದೆ. ಬನ್ನಿ, ತಿಳಿದುಕೊಳ್ಳೋಣ.

ದೀಪಕ್ಕೆ ಕರೆಂಟು ಎಲ್ಲಿಂದ?

ಕಂದೀಲಿಗೆ ಎಣ್ಣೆ ಬೇಕು. ಗಾಡಿಯ ದೀಪಕ್ಕೆ ಕರೆಂಟು ಬೇಕು. ಓಡುವ ಗಾಡಿಗೆ ತಂತಿ ಎಳೆಯಲು ಆಗುವುದಿಲ್ಲ. ಅದಕ್ಕೆ ಗಾಡಿ ತನ್ನ ಕರೆಂಟು ತಾನೇ ಮಾಡಿಕೊಳ್ಳುತ್ತದೆ.

ಸೈಕಲ್ಲಿನ ಡೈನಮೋ ನೋಡಿದ್ದೀರಲ್ಲ? ಗಾಲಿ ತಿರುಗಿದರೆ ಅದು ತಿರುಗುತ್ತದೆ, ದೀಪ ಹತ್ತುತ್ತದೆ. ಗಾಡಿಯಲ್ಲೂ ಹಾಗೆಯೇ. ಎಂಜಿನ್ ತಿರುಗುವಾಗ ಅದರ ಜೊತೆ ಅಯಸ್ಕಾಂತ ತಿರುಗುತ್ತದೆ. ಪಕ್ಕದಲ್ಲಿ ತಾಮ್ರದ ತಂತಿಯ ಸುರುಳಿ ಇರುತ್ತದೆ. ತಂತಿಯ ಹತ್ತಿರ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಆ ಕರೆಂಟು ಬ್ಯಾಟರಿಯಲ್ಲಿ ಕೂಡಿಕೊಳ್ಳುತ್ತದೆ. ಹಗೇವಿನಲ್ಲಿ ಜೋಳ ತುಂಬಿಟ್ಟ ಹಾಗೆ. ಬೇಕಾದಾಗ ತೆಗೆದುಕೊಳ್ಳಬಹುದು.

ಮನೆಯ ಕರೆಂಟು 230 ವೋಲ್ಟ್. ಗಾಡಿಯ ಬ್ಯಾಟರಿ 12 ವೋಲ್ಟ್ ಮಾತ್ರ. ಹಳೆಯ ಎಷ್ಟೋ ಗಾಡಿಗಳಲ್ಲಿ 6 ವೋಲ್ಟ್ ಇತ್ತು. 1961ರಿಂದ ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಯಲ್ಲೂ 6 ವೋಲ್ಟೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಇನ್ನು ಕೆಲವು ಹಳೆಯ ಸಣ್ಣ ಗಾಡಿಗಳಲ್ಲಿ ಎಂಜಿನ್ನಿನ ಕರೆಂಟು ನೇರವಾಗಿ ದೀಪಕ್ಕೆ ಹೋಗುತ್ತದೆ. ಎಂಜಿನ್ ಜೋರಾದರೆ ದೀಪ ಜೋರು. ಎಂಜಿನ್ ನಿಧಾನವಾದರೆ ದೀಪ ಮಂಕು. ಅದು ಆ ಗಾಡಿಯ ಗುಣ. ಆದರೆ ಬ್ಯಾಟರಿಯಿಂದ ಉರಿಯುವ ದೀಪ ಯಾವಾಗಲೂ ಮಂಕಾಗಿದ್ದರೆ ಏನೋ ಕೆಟ್ಟಿದೆ ಎಂದು ಅರ್ಥ. ತೋರಿಸಬೇಕು.

ಬಲ್ಬಿನೊಳಗಿನ ಬತ್ತಿ

ಬಲ್ಬಿನೊಳಗೆ ಕೂದಲಿನಂಥ ತಂತಿ ಇದೆ. ಅದೇ ಅದರ ಬತ್ತಿ. ಅದು ಟಂಗ್‌ಸ್ಟನ್ ಎಂಬ ಲೋಹದ್ದು. ಕರೆಂಟು ಹರಿದಾಗ ಅದು ಕೆಂಡದಂತೆ ಕಾಯುತ್ತದೆ. ಎಷ್ಟು ಕಾಯುತ್ತದೆ ಗೊತ್ತೆ? ನೀರು ಕುದಿಯುವುದು 100 ಡಿಗ್ರಿಗೆ. ಕಬ್ಬಿಣ ಕರಗುವುದು ಸುಮಾರು 1,500 ಡಿಗ್ರಿಗೆ. ಈ ಬತ್ತಿ 2,500 ಡಿಗ್ರಿಗಿಂತ ಹೆಚ್ಚು ಕಾಯುತ್ತದೆ. ಆದರೂ ಕರಗುವುದಿಲ್ಲ. ಅಷ್ಟು ಕಾದದ್ದರಿಂದಲೇ ಬೆಳ್ಳಗೆ ಬೆಳಗುತ್ತದೆ.

ಕೆಂಡಕ್ಕೆ ಗಾಳಿ ಊದಿದರೆ ಉರಿದು ಬೂದಿಯಾಗುತ್ತದೆ. ಬತ್ತಿಗೂ ಗಾಳಿ ತಾಗಿದರೆ ಅದೇ ಗತಿ. ಅದಕ್ಕೇ ಬಲ್ಬಿನೊಳಗೆ ನಾವು ಉಸಿರಾಡುವ ಗಾಳಿ ಇಲ್ಲ. ಉರಿಸದ ಬೇರೆ ಅನಿಲ ತುಂಬಿರುತ್ತಾರೆ. ಹ್ಯಾಲೋಜನ್ ಬಲ್ಬು ಎಂಬ ಹೆಸರು ಕೇಳಿರಬಹುದು. ಅದರಲ್ಲಿ ಇನ್ನೊಂದು ಅನಿಲ ಸ್ವಲ್ಪ ಸೇರಿರುತ್ತದೆ. ಅದರಿಂದ ಬತ್ತಿ ಬೇಗ ಸವೆಯುವುದಿಲ್ಲ.

ಒಂದು ಮಾತು ನೆನಪಿಡಿ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ನಮ್ಮ ಬೆರಳಿನಲ್ಲಿ ಎಣ್ಣೆ ಪಸೆ ಇರುತ್ತದೆ. ಪಸೆ ತಾಗಿದ ಜಾಗ ಹೆಚ್ಚು ಕಾದು ಗಾಜು ಹಾಳಾಗುತ್ತದೆ. ಒಣ ಬಟ್ಟೆಯಿಂದ ಹಿಡಿಯಬೇಕು.

ಈಗಿನ ಹೊಸ ಗಾಡಿಗಳಲ್ಲಿ ಎಲ್ಇಡಿ ದೀಪ ಬಂದಿವೆ. ಅದರಲ್ಲಿ ಬತ್ತಿಯೇ ಇಲ್ಲ. ಒಂದು ಸಣ್ಣ ಬಿಲ್ಲೆ ಕರೆಂಟನ್ನು ನೇರವಾಗಿ ಬೆಳಕು ಮಾಡುತ್ತದೆ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ.

ಬೆಳಕಿಗೆ ದಾರಿ ತೋರುವ ಬಟ್ಟಲು

ಅಂಗಳದಲ್ಲಿ ಕಂದೀಲು ಇಟ್ಟರೆ ಬೆಳಕು ನಾಲ್ಕೂ ಕಡೆ ಹರಡುತ್ತದೆ. ಬಲ್ಬೂ ಹಾಗೆಯೇ. ಆದರೆ ಗಾಡಿಗೆ ನಾಲ್ಕೂ ಕಡೆ ಬೆಳಕು ಬೇಡ. ಮುಂದೆ ಮಾತ್ರ ಬೇಕು. ಏನು ಮಾಡುವುದು?

ಕಂದೀಲಿನ ಹಿಂದೆ ಒಂದು ಹೊಳೆಯುವ ಪರಾತ ಹಿಡಿದು ನೋಡಿ. ಹಿಂದಕ್ಕೆ ಹೋಗುವ ಬೆಳಕು ತಿರುಗಿ ಮುಂದಕ್ಕೆ ಬರುತ್ತದೆ. ಗಾಡಿಯ ದೀಪದಲ್ಲಿ ಪರಾತದ ಬದಲು ಆಳವಾದ ಬಟ್ಟಲು ಇದೆ. ಒಳಗೆ ಅಲ್ಯುಮಿನಿಯಂ ಹೊಳಪು ಬಳಿದಿದೆ. ನಾವು ಜರ್ಮನ್ ಪಾತ್ರೆ ಅನ್ನುತ್ತೇವಲ್ಲ, ಅದೇ ಲೋಹ. ಬಟ್ಟಲಿನ ಆಕಾರವನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಅದರಲ್ಲಿ ಒಂದು ಸರಿಯಾದ ಜಾಗ ಇದೆ. ಬತ್ತಿ ಅಲ್ಲಿದ್ದರೆ ಬೆಳಕೆಲ್ಲ ಒಂದೇ ಕಡೆ ನೆಟ್ಟಗೆ ಹೋಗುತ್ತದೆ. ಬಲ್ಬು ಸೊಟ್ಟ ಕೂತರೆ ಬೆಳಕೂ ಸೊಟ್ಟ.

ಬಟ್ಟಲಿನ ಹೊಳಪು ಹೋದರೆ ಹೊಸ ಬಲ್ಬು ಹಾಕಿಯೂ ಉಪಯೋಗವಿಲ್ಲ. ಒಳಗೆ ನೀರು ಹೋಗಿದ್ದರೆ, ಬಟ್ಟಲು ಮಸಿ ಹಿಡಿದಿದ್ದರೆ, ಬಟ್ಟಲನ್ನೇ ಬದಲಿಸಬೇಕು. ಮುಂದಿನ ಗಾಜಿನ ಮೇಲೆ ಕೆಸರು ಕೂತರೂ ಬೆಳಕು ಕಡಿಮೆಯಾಗುತ್ತದೆ. ಕಂದೀಲಿನ ಬುರುಡೆಯನ್ನು ನಾವು ದಿನಾ ಸಂಜೆ ಒರೆಸುತ್ತಿದ್ದೆವು, ಹೌದೋ ಅಲ್ಲೋ? ಇದನ್ನೂ ಒರೆಸಬೇಕು. ಒದ್ದೆ ಬಟ್ಟೆ ಸಾಕು. ಖರ್ಚಿಲ್ಲ.

ಮೇಲಿನ ಬೆಳಕು, ಕೆಳಗಿನ ಬೆಳಕು

ಬತ್ತಿ ಇರುವ ಬಲ್ಬುಗಳಲ್ಲಿ ಸಾಮಾನ್ಯವಾಗಿ ಎರಡು ಬತ್ತಿ ಇರುತ್ತವೆ. ಒಂದು ದೂರಕ್ಕೆ. ಅದಕ್ಕೆ ಹೈ ಬೀಮ್ ಅನ್ನುತ್ತಾರೆ. ನಾವು ಮೇಲಿನ ಬೆಳಕು ಅನ್ನೋಣ. ಇನ್ನೊಂದು ಹತ್ತಿರಕ್ಕೆ. ಅದಕ್ಕೆ ಲೋ ಬೀಮ್ ಅಥವಾ ಡಿಪ್ ಅನ್ನುತ್ತಾರೆ. ಅದು ಕೆಳಗಿನ ಬೆಳಕು.

ಕೆಳಗಿನ ಬೆಳಕಿನ ಬತ್ತಿಗೆ ಅಡಿಯಲ್ಲಿ ಚಮಚದಂಥ ಸಣ್ಣ ತಗಡು ಇದೆ. ಬೆಳಕು ಬಟ್ಟಲಿನ ಕೆಳಗಿನ ಅರ್ಧಕ್ಕೆ ಬೀಳದಂತೆ ಅದು ತಡೆಯುತ್ತದೆ. ಬೆಳಕು ಬಟ್ಟಲಿನ ಮೇಲಿನ ಅರ್ಧಕ್ಕೆ ಬಡಿದು ನೆಲದ ಕಡೆ ಬಾಗುತ್ತದೆ. ಎದುರಿನವರ ಕಣ್ಣಿಗೆ ಹೋಗುವುದಿಲ್ಲ. ಅಷ್ಟು ಸಣ್ಣ ತಗಡು ಎಷ್ಟು ಜೀವ ಕಾಯುತ್ತದೆ ನೋಡಿ!

ಒಂದರಿಂದ ಇನ್ನೊಂದಕ್ಕೆ ಬದಲಿಸುವ ಗುಂಡಿ ಎಡಗೈ ಹಿಡಿಕೆಯ ಹತ್ತಿರ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಆಯಿತು. ಮೇಲಿನ ಬೆಳಕು ಹತ್ತಿದ್ದರೆ ಮೀಟರಿನ ಹತ್ತಿರ ಒಂದು ಸಣ್ಣ ನೀಲಿ ದೀಪ ಹತ್ತುತ್ತದೆ. ಈ ನೀಲಿ ದೀಪವನ್ನು ಮರೆಯಬೇಡಿ. ಮುಂದೆ ಬೇಕಾಗುತ್ತದೆ.

ಕಣ್ಣಿಗೆ ಕತ್ತಲೆ ಬರುವುದು ಏಕೆ?

ಬಿಸಿಲಿನಿಂದ ಒಮ್ಮೆಲೇ ಅಡಿಗೆ ಮನೆಗೆ ಬಂದರೆ ಏನಾಗುತ್ತದೆ? ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಕಣ್ಣಿನ ಪಾಪೆ ಕತ್ತಲಲ್ಲಿ ಅರಳುತ್ತದೆ, ಬೆಳಕಿನಲ್ಲಿ ಕುಗ್ಗುತ್ತದೆ. ಅದಕ್ಕೆ ಹೊತ್ತು ಬೇಕು. ಕಣ್ಣಿನ ಒಳಪದರವೂ ಮತ್ತೆ ಕತ್ತಲೆಗೆ ಹೊಂದಿಕೊಳ್ಳಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು.

ರಾತ್ರಿ ರಸ್ತೆಯಲ್ಲಿ ಎದುರಿನ ಗಾಡಿ ಮೇಲಿನ ಬೆಳಕನ್ನು ಮುಖಕ್ಕೆ ಹೊಡೆದರೆ ಹೀಗೆಯೇ ಆಗುತ್ತದೆ. ಗಾಡಿ ದಾಟಿ ಹೋದ ಮೇಲೂ ಕೆಲವು ಸೆಕೆಂಡು ಕಣ್ಣಿಗೆ ಕತ್ತಲೆ.

ಲೆಕ್ಕ ಮಾಡೋಣ. ಗಂಟೆಗೆ 40 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಂದರೆ 24 ಮೊಳ. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ 72 ಮೊಳ ಕುರುಡಾಗಿ ಓಡಿದ ಹಾಗೆ. ಆ 72 ಮೊಳದಲ್ಲಿ ಯಾರಿರುತ್ತಾರೆ? ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುವ ಅಕ್ಕ ಇರಬಹುದು. ಬಸ್ಸಿಳಿದು ಮಗುವಿನ ಕೈ ಹಿಡಿದು ನಡೆಯುವ ತಂಗಿ ಇರಬಹುದು. ಅವರು ನಾವೇ.

ಅದಕ್ಕೇ ಎದುರು ಗಾಡಿ ಬಂದ ಕೂಡಲೇ ಬೆಳಕು ಕೆಳಗೆ ಮಾಡಬೇಕು. "ಅವರು ಮಾಡಲಿ, ಆಮೇಲೆ ನಾವು ಮಾಡೋಣ" ಎಂದು ಹಟ ಹಿಡಿಯಬಾರದು. ಮುಂದೆ ಹೋಗುವ ಗಾಡಿಯ ಹಿಂದೆ ಇದ್ದಾಗಲೂ ಕೆಳಗಿನ ಬೆಳಕೇ ಇರಬೇಕು. ನಮ್ಮ ಬೆಳಕು ಅವರ ಕನ್ನಡಿಯಿಂದ ಅವರ ಕಣ್ಣಿಗೆ ಬೀಳುತ್ತದೆ. ಎದುರಿನವರು ಬೆಳಕು ಕೆಳಗೆ ಮಾಡದಿದ್ದರೆ ನಾವು ವೇಗ ಕಡಿಮೆ ಮಾಡಬೇಕು. ಅವರ ದೀಪ ನೋಡದೆ ನಮ್ಮ ಎಡಗಡೆ ರಸ್ತೆಯ ಅಂಚನ್ನು ನೋಡಬೇಕು.

ನಾವು ಕೂತರೆ ದೀಪ ಏಳುತ್ತದೆ

ಇದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ತಕ್ಕಡಿಯ ಒಂದು ಕಡೆ ಭಾರ ಹಾಕಿದರೆ ಇನ್ನೊಂದು ಕಡೆ ಏಳುತ್ತದೆ. ಗಾಡಿಯೂ ಹಾಗೆಯೇ. ನಾವು ಹಿಂದೆ ಕೂತಾಗ ಹಿಂದಿನ ಶಾಕ್ ಕುಗ್ಗುತ್ತದೆ. ಗಾಡಿಯ ಮೂತಿ ಸ್ವಲ್ಪ ಏಳುತ್ತದೆ. ಜೊತೆಗೆ ಕಾಯಿಪಲ್ಲೆ ಚೀಲ ಇದ್ದರೆ ಇನ್ನಷ್ಟು ಏಳುತ್ತದೆ. ಆಗ ಕೆಳಗಿನ ಬೆಳಕೂ ಮೇಲಿನ ಬೆಳಕಿನಂತೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

"ಅಯ್ಯೋ, ಎಷ್ಟು ಮಹಾ ಏಳುತ್ತದೆ?" ಎಂದು ಕೇಳಬಹುದು. 5 ಮೀಟರ್ ದೂರದಲ್ಲಿ ಬೆಳಕು ಒಂದು ಬೆರಳು ಎದ್ದರೆ 50 ಮೀಟರ್ ದೂರದಲ್ಲಿ ಹತ್ತು ಬೆರಳು ಏಳುತ್ತದೆ. ಐದು ಬೆರಳು ಎದ್ದರೆ ಅಲ್ಲಿ ಐವತ್ತು ಬೆರಳು! ನಮ್ಮ ಗಾಡಿಯವರಿಗೆ ಇದು ತಿಳಿಯುವುದೇ ಇಲ್ಲ. ಎದುರಿನವರಿಗೆ ಮಾತ್ರ ಕಣ್ಣು ಕುಕ್ಕುತ್ತದೆ.

ಗೋಡೆಯ ಪರೀಕ್ಷೆ

ಹಾಗಾದರೆ ದೀಪ ಸರಿಯಾಗಿ ನೋಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಗೋಡೆ, ಒಂದು ಸುಣ್ಣದ ಕಡ್ಡಿ, ಮೂರು ಜನ ಸಾಕು. ಸಂಜೆ ಕತ್ತಲಾಗುವಾಗ ಮಾಡಿ ನೋಡಿ. ನೆಲ ಸಮ ಇರಬೇಕು.

1. ಇಬ್ಬರು ಗಾಡಿಯ ಮೇಲೆ ಕೂಡಲಿ. ದಿನಾ ಒಯ್ಯುವ ಚೀಲ ಇದ್ದರೆ ಅದನ್ನೂ ಇಟ್ಟುಕೊಳ್ಳಲಿ.

2. ಗಾಡಿಯನ್ನು ಗೋಡೆಯ ಹತ್ತಿರ ತನ್ನಿ. ದೀಪದ ನಡುಮಧ್ಯ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಮೂರನೆಯವರು ಗೆರೆ ಎಳೆಯಲಿ.

3. ಗಾಡಿಯನ್ನು ನೆಟ್ಟಗೆ ಹಿಂದಕ್ಕೆ ತನ್ನಿ. ಗೋಡೆಯಿಂದ 5 ಮೀಟರ್ ದೂರ ಇರಲಿ. ಅಂದರೆ ಸುಮಾರು 11 ಮೊಳ.

4. ಕೆಳಗಿನ ಬೆಳಕು ಹಚ್ಚಿ. ಜೋರಾದ ಬೆಳಕಿನ ಮೇಲಂಚು ಗೆರೆಗಿಂತ ಮೂರು ನಾಲ್ಕು ಬೆರಳು ಕೆಳಗೆ ಇರಬೇಕು.

ಬೆಳಕು ಗೆರೆ ದಾಟಿ ಮೇಲೆ ಹೋದರೆ ದೀಪ ಬಗ್ಗಿಸಬೇಕು. ತೀರಾ ಕೆಳಗೆ ಬಿದ್ದರೆ ಎತ್ತಬೇಕು. ಅದಕ್ಕಾಗಿ ದೀಪದ ಹತ್ತಿರ ಒಂದು ಸ್ಕ್ರೂ ಇರುತ್ತದೆ. ತಿಳಿಯದಿದ್ದರೆ ಗ್ಯಾರೇಜಿನಲ್ಲಿ ಹೇಳಿ ಮಾಡಿಸಿ. "ಇಬ್ಬರು ಕೂತಾಗ ಬೆಳಕು ಸರಿ ಬರಬೇಕು, ಹಂಗ ಮಾಡಿ ಕೊಡ್ರಿ" ಎಂದು ಕೇಳಿ. ಕೇಳಲು ನಾಚಿಕೆ ಬೇಡ.

ಬೆಳಕು ಎಷ್ಟೋ, ಓಟ ಅಷ್ಟು

ಕೆಳಗಿನ ಬೆಳಕಿನಲ್ಲಿ ರಸ್ತೆ ಚೆನ್ನಾಗಿ ಕಾಣುವುದು ಹೆಚ್ಚೆಂದರೆ 30, 40 ಮೀಟರ್. ಕಪ್ಪು ಎಮ್ಮೆ ಅಷ್ಟು ದೂರಕ್ಕೂ ಕಾಣುವುದಿಲ್ಲ. ಈಗ ಬ್ರೇಕಿನ ಲೆಕ್ಕ ನೋಡೋಣ. ಒಣ ರಸ್ತೆಯಲ್ಲಿ 40ರ ವೇಗದ ಗಾಡಿ ನಿಲ್ಲಲು 20, 25 ಮೀಟರ್ ಬೇಕು. 60ರ ವೇಗದಲ್ಲಿ ಸುಮಾರು 40 ಮೀಟರ್ ಬೇಕು. ಮಳೆಯಲ್ಲಿ ಇನ್ನೂ ಹೆಚ್ಚು ಬೇಕು. ಅಂದರೆ ರಾತ್ರಿ 60ರಲ್ಲಿ ಓಡಿದರೆ ಎಮ್ಮೆ ಕಂಡಾಗ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಬೆಳಕು ಮುಟ್ಟುವಷ್ಟರೊಳಗೆ ಗಾಡಿ ನಿಲ್ಲಬೇಕು. ಇದೇ ರಾತ್ರಿಯ ಕಾಯ್ದೆ.

ಮಳೆ, ಮಂಜು, ಕಾಡು

ಖಾನಾಪುರ ತಾಲೂಕು ಮಲೆನಾಡಿನ ಸೆರಗು. ಮಲಪ್ರಭೆ ಹುಟ್ಟುವುದು ಇಲ್ಲಿಯ ಕಣಕುಂಬಿಯಲ್ಲಿ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆ ಮಳೆ ಬಹಳ, ಮಂಜೂ ಬಹಳ. ಮಂಜು ಬಿದ್ದಾಗ ಕೆಲವರು ಮೇಲಿನ ಬೆಳಕು ಹಚ್ಚುತ್ತಾರೆ. "ಹೆಚ್ಚು ಬೆಳಕು ಹಾಕಿದರೆ ಹೆಚ್ಚು ಕಾಣುತ್ತದೆ" ಎಂದು ತಿಳಿಯುತ್ತಾರೆ. ಆಗುವುದು ಉಲ್ಟಾ. ಮಂಜು ಎಂದರೆ ಸಣ್ಣ ಸಣ್ಣ ನೀರಿನ ಹನಿ. ಬೆಳಕು ಆ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ತಿರುಗಿ ಬರುತ್ತದೆ. ಎದುರಿಗೆ ಬಿಳಿ ಗೋಡೆ ಎದ್ದಂತೆ ಕಾಣುತ್ತದೆ. ಮಂಜಿನಲ್ಲಿ ಕೆಳಗಿನ ಬೆಳಕೇ ಸರಿ. ನಿಧಾನವೇ ಸರಿ.

ಈ ತಾಲೂಕಿನಲ್ಲಿ ದೊಡ್ಡ ಕಾಡು ಇದೆ. ಭೀಮಗಡ ಅಭಯಾರಣ್ಯ ಇಲ್ಲಿಯೇ ಇದೆ. ಜಿಂಕೆ, ಕಾಡುಕೋಣ ರಾತ್ರಿ ರಸ್ತೆ ದಾಟುತ್ತವೆ. ಅವುಗಳ ಮೈ ಕಾಣುವ ಮೊದಲು ಕಣ್ಣು ಹೊಳೆಯುತ್ತವೆ. ಅವುಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ. ಗಾಡಿಯ ಬೆಳಕು ಅಲ್ಲಿಂದ ತಿರುಗಿ ಬರುತ್ತದೆ. ನಮ್ಮ ಮನೆಯ ದನ, ನಾಯಿ, ಬೆಕ್ಕಿಗೂ ಅದು ಇದೆ. ಕತ್ತಲಲ್ಲಿ ಎರಡು ಚುಕ್ಕೆ ಹೊಳೆದರೆ ಕೂಡಲೇ ವೇಗ ಕಡಿಮೆ ಮಾಡಿ, ನಿಲ್ಲಲು ಸಿದ್ಧರಾಗಬೇಕು. ಒಂದು ದಾಟಿದರೆ ಹಿಂದೆ ಇನ್ನೊಂದು ಇರಬಹುದು.

ಕಾಣುವುದು, ಕಾಣಿಸಿಕೊಳ್ಳುವುದು

ದೀಪಕ್ಕೆ ಎರಡು ಕೆಲಸ. ಒಂದು, ನಮಗೆ ದಾರಿ ಕಾಣಬೇಕು. ಎರಡು, ನಾವು ಬೇರೆಯವರಿಗೆ ಕಾಣಬೇಕು.

ಹೊಸ ಗಾಡಿಗಳ ದೀಪ ಹಗಲಲ್ಲೂ ಉರಿಯುವುದನ್ನು ನೋಡಿರಬಹುದು. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳಿಗೆ ಈ ನಿಯಮ ಬಂದಿದೆ. ಎಂಜಿನ್ ಚಾಲೂ ಆದರೆ ದೀಪವೂ ಚಾಲೂ. ಮೋಟಾರ್ ಸೈಕಲ್ ಸಣ್ಣದು. ಲಾರಿಯವರ, ಬಸ್ಸಿನವರ ಕಣ್ಣಿಗೆ ಬೇಗ ಬೀಳುವುದಿಲ್ಲ. ದೀಪ ಉರಿಯುತ್ತಿದ್ದರೆ ಬೀಳುತ್ತದೆ. ಮೊದಲು ದಾರಿಯಲ್ಲಿ ಬೆರಳು ಮುಚ್ಚಿ ತೆರೆದು "ಲೈಟ್ ಹತ್ತೈತಿ, ಆರಿಸು" ಎಂದು ಸನ್ನೆ ಮಾಡುತ್ತಿದ್ದೆವು. ಹೊಸ ಗಾಡಿಗೆ ಆ ಸನ್ನೆ ಬೇಕಿಲ್ಲ.

ಹಿಂದಿನ ಕೆಂಪು ದೀಪವೂ ಅಷ್ಟೇ ಮುಖ್ಯ. ಗಾಡಿ ಹೊಡೆಯುವವರಿಗೆ ಅದು ಕಾಣುವುದಿಲ್ಲ. ಹೊರಡುವ ಮೊದಲು ನಾವೇ ಹಿಂದೆ ನಿಂತು ನೋಡಬೇಕು. ಬ್ರೇಕ್ ಹಿಡಿಯಲು ಹೇಳಬೇಕು. ಆಗ ಕೆಂಪು ಇನ್ನೂ ಜೋರಾಗಬೇಕು. ನಮ್ಮ ಸೀರೆಯ ಸೆರಗು, ಚೀಲ ಆ ದೀಪವನ್ನು ಮುಚ್ಚಬಾರದು.

ಚಕ್ಕಡಿಗೆ ಕರೆಂಟು ಇಲ್ಲ. ಕಬ್ಬಿನ ಟ್ರಾಲಿಯ ಹಿಂದೆ ಎಷ್ಟೋ ಸಲ ದೀಪ ಇರುವುದಿಲ್ಲ. ಅವಕ್ಕೆ ಹೊಳೆಯುವ ಕೆಂಪು ಬಿಲ್ಲೆ ಅಥವಾ ಪಟ್ಟಿ ಅಂಟಿಸಬೇಕು. ಅದು ತಾನು ಉರಿಯುವುದಿಲ್ಲ. ಬಂದ ಬೆಳಕನ್ನು ಬಂದ ಕಡೆಗೇ ತಿರುಗಿಸುತ್ತದೆ.

ನಡೆದು ಹೋಗುವ ನಮಗೂ ಇದು ಅನ್ವಯಿಸುತ್ತದೆ. ಕಡುಬಣ್ಣದ ಸೀರೆ ರಾತ್ರಿ ರಸ್ತೆಯಲ್ಲಿ ಕಾಣುವುದಿಲ್ಲ. ನಮಗೆ ಗಾಡಿಯ ದೀಪ ದೂರದಿಂದ ಕಾಣುತ್ತದೆ. ಅದಕ್ಕೆ ನಾವೂ ಅವರಿಗೆ ಕಂಡೆವು ಎಂದುಕೊಳ್ಳುತ್ತೇವೆ. ಅದು ಸುಳ್ಳು. ಹೆಗಲ ಮೇಲೆ ಒಂದು ಬಿಳಿ ಟವೆಲ್ ಹಾಕಿಕೊಳ್ಳಿ. ಕೈಯಲ್ಲಿ ಬ್ಯಾಟರಿ ಇದ್ದರೆ ಹಚ್ಚಿಕೊಳ್ಳಿ. ರಸ್ತೆಯ ಬಲಗಡೆ ನಡೆಯಿರಿ. ಆಗ ನಮ್ಮ ಬದಿಯ ಗಾಡಿ ಎದುರಿನಿಂದ ಬರುತ್ತದೆ. ನೋಡಿ ಸರಿಯಬಹುದು.

ಬಲ್ಬಿನ ಮೇಲೆ ಬರೆದದ್ದನ್ನು ಓದೋಣ

ಈಗ ನಮಗೆ ಅಂಕಿ ಓದಲು ಬರುತ್ತದೆ. ಅದನ್ನು ಇಲ್ಲಿ ಉಪಯೋಗಿಸೋಣ. ಬಲ್ಬಿನ ಮೇಲೆ, ಅದರ ಡಬ್ಬಿಯ ಮೇಲೆ 12 ಎಂದು ಇರುತ್ತದೆ. ಅದು ವೋಲ್ಟ್. ಮುಂದೆ 35/35 ಎಂದು ಇರಬಹುದು. ಅದು ವ್ಯಾಟ್. ಎರಡು ಬತ್ತಿ ಇವೆ, ಅದಕ್ಕೆ ಎರಡು ಸಲ 35. ದೊಡ್ಡ ಗಾಡಿಗಳಲ್ಲಿ 60/55 ಇರಬಹುದು.

ಹಳೆಯ ಬಲ್ಬಿನ ಮೇಲೆ ಏನಿತ್ತೋ ಹೊಸದರ ಮೇಲೂ ಅದೇ ಇರಬೇಕು. ಕೆಲವರು ಹೆಚ್ಚು ಬೆಳಕಿನ ಆಸೆಗೆ 90, 100 ವ್ಯಾಟಿನ ಬಲ್ಬು ಹಾಕಿಸುತ್ತಾರೆ. ತಂತಿ ಕಾಯುತ್ತದೆ. ಬಟ್ಟಲಿನ ಹೊಳಪು ಸುಡುತ್ತದೆ. ಬ್ಯಾಟರಿ ಇಳಿಯುತ್ತದೆ. ಎದುರಿನವರ ಕಣ್ಣೂ ಹೋಗುತ್ತದೆ. ಬತ್ತಿಯ ಬಲ್ಬಿಗೆ ಮಾಡಿದ ಬಟ್ಟಲಿನಲ್ಲಿ ಸಿಕ್ಕ ಸಿಕ್ಕ ಎಲ್ಇಡಿ ಬಲ್ಬು ಕೂರಿಸುವುದೂ ಬೇಡ. ಬೆಳಕು ಸರಿಯಾದ ಜಾಗದಿಂದ ಹೊರಡುವುದಿಲ್ಲ. ಎಲ್ಲೆಂದರಲ್ಲಿ ಚೆಲ್ಲುತ್ತದೆ.

ಬೆಳಕು ಹೆಚ್ಚಿದ್ದರೆ ಸಾಲದು. ಅದು ಬೀಳಬೇಕಾದ ಕಡೆ ಬೀಳಬೇಕು. ನೀರು ಹೆಚ್ಚಿದ್ದರೂ ಕಾಲುವೆ ಸೊಟ್ಟ ಇದ್ದರೆ ನಮ್ಮ ಹೊಲಕ್ಕೆ ಬರುವುದಿಲ್ಲ, ಪಕ್ಕದವರ ಹೊಲ ಕೊಚ್ಚುತ್ತದೆ. ದೀಪದ ಮಾತೂ ಅದೇ.

ನೆನಪಿಡೋಣ

ದೀಪದ ಗಾಜು ಒರೆಸೋಣ.
ಹಿಂದಿನ ಕೆಂಪು ದೀಪ ನೋಡಿ ಹೊರಡೋಣ.
ಗೋಡೆಯ ಪರೀಕ್ಷೆಯನ್ನು ಇಬ್ಬರು ಕೂತೇ ಮಾಡೋಣ.
ಬಲ್ಬಿನ ಅಂಕಿ ಓದಿ ಕೊಳ್ಳೋಣ.
ಮಂಜಿನಲ್ಲಿ ಕೆಳಗಿನ ಬೆಳಕು ಹಚ್ಚೋಣ.
ರಾತ್ರಿ ನಡೆಯುವಾಗ ಬಿಳಿ ಬಟ್ಟೆ ಹಾಕಿಕೊಳ್ಳೋಣ.

ಕೊನೆಗೆ ಆ ನೀಲಿ ದೀಪ. ಹಿಂದೆ ಕೂತಾಗ ಹೆಗಲ ಮೇಲಿಂದ ಒಮ್ಮೆ ಇಣುಕಿ ನೋಡಿ. ಎದುರು ಗಾಡಿ ಬರುತ್ತಿದೆ, ನೀಲಿ ದೀಪ ಉರಿಯುತ್ತಿದೆ ಎಂದರೆ ಸುಮ್ಮನೆ ಕೂಡಬೇಡಿ. ಗಂಡ ಗಾಡಿ ಹೊಡೆಯುತ್ತಿದ್ದರೆ "ರೀ, ನೀಲಿ ದೀಪ ಹತ್ತೈತಿ, ಲೈಟ್ ಕೆಳಗ ಮಾಡ್ರಿ" ಎನ್ನಿ. ಮಗ ಹೊಡೆಯುತ್ತಿದ್ದರೆ "ತಮ್ಮಾ, ಲೈಟ್ ಕೆಳಗ ಮಾಡೋ" ಎನ್ನಿ. ಹಿಂದೆ ಕೂತವರಿಗೂ ಕಣ್ಣಿದೆ, ಬಾಯಿದೆ. ಈಗ ತಿಳಿವಳಿಕೆಯೂ ಇದೆ.